ದುಂಡು ತುದಿಯ ದಪ್ಪ ಅಕ್ಷರಗಳು

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಅಚಾತುರ್ಯ ನಡೆಯಿತು. ವಿದ್ಯುದ್ರೋಧವನ್ನು ಅಳೆಯುವ ಪ್ರಯೋಗಕ್ಕೆಂದು ಎಂಟು ತಂತಿಯ ಸುರುಳಿಗಳನ್ನು ಇಟ್ಟಿದ್ದೆವು. ಒಂದೊಂದು ಸುರುಳಿಗೂ ಒಂದೊಂದು ಸಂಖ್ಯೆ. ಯಾವ ಸಂಖ್ಯೆಯ ಸುರುಳಿಗೆ ಎಷ್ಟು ಓಮ್ ರೋಧ ಎಂಬುದು ಪರೀಕ್ಷಕರ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ವಿದ್ಯಾರ್ಥಿಗಳು ಅಳೆದು ಕಂಡುಹಿಡಿಯಬೇಕು. ಹಳೆಯ ಚೀಟಿಗಳು ಮಾಸಿಹೋಗಿದ್ದುವು. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ನಾವೇ ಕುಳಿತು ಹೊಸ ಚೀಟಿಗಳನ್ನು ಮುದ್ರಿಸಿ ಅಂಟಿಸಿದೆವು. ಕಂಪ್ಯೂಟರಿನಲ್ಲಿದ್ದ ಹಲವಾರು ಅಕ್ಷರರೂಪಗಳಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದುದು ಗೆರೆಗಳು ದಪ್ಪವಾಗಿ, ತುದಿಗಳು ದುಂಡಾಗಿ, ನೋಡಲು ಮುದ್ದಾಗಿದ್ದ ಒಂದು ರೂಪ. ಅಂಕಿಯ ಎತ್ತರ 4 ಮಿಲಿಮೀಟರು. ದಪ್ಪವಾಗಿರುವುದರಿಂದ ಚೆನ್ನಾಗಿ ಕಾಣುವುದೆಂದು ಎಲ್ಲರೂ ಭಾವಿಸುವಂತೆ ನಾವೂ ಭಾವಿಸಿದೆವು.

ಮಾರನೆಯ ದಿನ ಒಬ್ಬ ವಿದ್ಯಾರ್ಥಿನಿ ತನ್ನ ಉತ್ತರವನ್ನು ತಂದು ಒಪ್ಪಿಸಿದಳು. ಅವಳ ಪ್ರಯೋಗ ನಡೆದುದು ಕನ್ನಡಿಯ ಗ್ಯಾಲ್ವನೋಮೀಟರಿರುವ ಕತ್ತಲೆ ಕೋಣೆಯಲ್ಲಿ. ಅಲ್ಲಿ ಅಳತೆಪಟ್ಟಿಯ ಮೇಲೆ ಬೀಳುವ ಬೆಳಕಿನ ಚುಕ್ಕೆಯನ್ನು ಬಿಟ್ಟರೆ ಬೇರೆ ಬೆಳಕು ಕಡಿಮೆ. ಸುರುಳಿಯ ಸಂಖ್ಯೆ 8 ಎಂದು ಬರೆದಿದ್ದಳು. ಪಟ್ಟಿಯಲ್ಲಿ 8ನೆಯ ಸುರುಳಿಗೆ ಕೊಟ್ಟಿದ್ದ ಬೆಲೆಗೂ ಅವಳ ಉತ್ತರಕ್ಕೂ ಅಜಗಜಾಂತರ. ನಾವು ಅಂಕಗಳನ್ನು ಕಳೆಯಲು ಲೇಖನಿಯನ್ನು ಎತ್ತಿಯೂ ಆಗಿತ್ತು. “ಸರ್, ಸುರುಳಿಯನ್ನೇ ಒಂದು ಸಲ ನೋಡಿ,” ಎಂದಳು. ಕಿಟಕಿಯ ಬಳಿಗೆ ತಂದು ನೋಡಿದರೆ ಅದು 8 ಅಲ್ಲ, 6. ಆರನೆಯ ಸುರುಳಿಗೆ ಅವಳ ಉತ್ತರ ಸರಿಯಾಗಿಯೇ ಇತ್ತು. ಅವಳು ಕೇಳದೆ ಸುಮ್ಮನೆ ಹೊರಟುಹೋಗಿದ್ದರೆ ನಮ್ಮ ಅಂದದ ಚೀಟಿಗೆ ಅವಳು ದಂಡ ತೆರಬೇಕಾಗುತ್ತಿತ್ತು.

ದಪ್ಪ ಅಕ್ಷರ ಏಕೆ ಕಾಣಲಿಲ್ಲ? ಅಥವಾ, ಕಂಡೂ ಏಕೆ ಬೇರೊಂದಾಗಿ ಕಂಡಿತು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ತಿಳಿದುಬಂದ ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಈ ಅಕ್ಷರದ ಕುಲಗೋತ್ರಗಳನ್ನು ತಿಳಿಯೋಣ. ಇಂಗ್ಲಿಷ್ ಪುಸ್ತಕಗಳ ಸಾಮಾನ್ಯ ಅಚ್ಚಕ್ಷರಗಳನ್ನು ಗಮನಿಸಿ ನೋಡಿದರೆ ಗೆರೆಗಳ ಕೊನೆಯಲ್ಲಿ ಸಣ್ಣ ಸಣ್ಣ ಪಾದಗಳಂತಹ ಚಾಚುಗಳು ಕಾಣುತ್ತವೆ. ಇವಕ್ಕೆ ಸೆರಿಫ್ ಎಂದು ಹೆಸರು. ಈ ಪಾದಗಳನ್ನು ಕತ್ತರಿಸಿಹಾಕಿದ ಬೋಳು ಅಕ್ಷರಗಳೇ ಸಾನ್ಸ್ ಸೆರಿಫ್. ಇಂತಹ ಅಚ್ಚುಮೊಳೆಗಳನ್ನು ಮೊದಲು ಮಾರಾಟಕ್ಕೆ ತಂದವನು ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್. ಅದು 1816ರ ಮಾತು. ಬೋಳು ಅಕ್ಷರದ ಗೆರೆಗಳನ್ನು ದಪ್ಪಮಾಡಿ, ಚೌಕವಾಗಿದ್ದ ತುದಿಗಳನ್ನು ಅರ್ಧವೃತ್ತಗಳನ್ನಾಗಿ ಮಾಡಿದರೆ ನಮ್ಮ ಇಂದಿನ ವಿಷಯವಾದ ಅಕ್ಷರ ಸಿದ್ಧವಾಗುತ್ತದೆ. ಹಿಟ್ಟನ್ನು ಹೊಸೆದು ಬಾಗಿಸಿ ಇಟ್ಟ ಕೋಡುಬಳೆಯಂತೆ ಇರುತ್ತದೆ ಎಂದರೆ ಅದರ ಚಿತ್ರ ಕಣ್ಣಿಗೆ ಕಟ್ಟೀತು. ಗೆರೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಗಾತ್ರ, ಎಲ್ಲಿಯೂ ಚೂಪಿಲ್ಲ.

ಇಲ್ಲಿ ಎರಡು ಗುಣಗಳು ಸೇರಿವೆ: ತುದಿಯ ದುಂಡು ಮತ್ತು ಗೆರೆಯ ದಪ್ಪ. ಇವೆರಡೂ ಒಟ್ಟಿಗೆ ಬರುವುದರಿಂದ ಒಂದರ ಗುಣದೋಷವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವುದುಂಟು. ಬೇರೆಬೇರೆಯಾಗಿ ವಿಚಾರಮಾಡುವುದು ಮೇಲು.

ದುಂಡಿನಿಂದ ಅಕ್ಷರ ಕಳೆದುಕೊಳ್ಳುವುದೆಷ್ಟು? ಗೆರೆಯ ಅಗಲ 1, ಉದ್ದ 5 ಇರಲಿ, ವಿಸ್ತೀರ್ಣ 5. ಎರಡು ತುದಿಗಳನ್ನೂ ಅರ್ಧವೃತ್ತಮಾಡಿದರೆ ಕತ್ತರಿಸಿಹೋಗುವ ನಾಲ್ಕು ಮೂಲೆಗಳ ಒಟ್ಟು ವಿಸ್ತೀರ್ಣ, 1 ಚದರದಿಂದ ಅದರೊಳಗಿನ ವೃತ್ತವನ್ನು ಕಳೆದಷ್ಟು, ಎಂದರೆ ಸುಮಾರು 0.21. ಇಡೀ ಗೆರೆಯಲ್ಲಿ ಇದು ಶೇಕಡ 4ರಷ್ಟು ಮಾತ್ರ. ಅಷ್ಟೇ ಅಲ್ಲ. ಕಣ್ಣಿನ ಮಸೂರವು ಯಾವ ಬಿಂದುವನ್ನೂ ಬಿಂದುವಾಗಿ ಅಕ್ಷಿಪಟದ ಮೇಲೆ ಮೂಡಿಸಲಾರದು. ಬೆಳಕಿನ ವಿವರ್ತನೆಯಿಂದಲೂ ಮಸೂರದ ಲೋಪಗಳಿಂದಲೂ ಅದು ಒಂದು ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಹೀಗಿರುವುದರಿಂದ ದೂರದಲ್ಲಿರುವ ಚೌಕ ಮೂಲೆಯೂ ನಮ್ಮ ಕಣ್ಣಿಗೆ ದುಂಡಾಗಿಯೇ ಬಂದು ಸೇರುತ್ತದೆ. ಬೀದಿಯ ಆ ಕೊನೆಯಿಂದ ನೋಡುವವನಿಗೆ ಫಲಕದ ಅಕ್ಷರ ಚೌಕತುದಿಯದೋ ದುಂಡುತುದಿಯದೋ ಎಂಬುದೇ ತಿಳಿಯದು. ಪ್ರಕೃತಿ ಹೇಗೂ ಕಿತ್ತುಕೊಳ್ಳುವುದನ್ನು ಅಕ್ಷರ ತಾನಾಗಿಯೇ ಮೊದಲು ಬಿಟ್ಟುಕೊಟ್ಟಿದೆ, ಅಷ್ಟೆ. ಒಂದು ಸಣ್ಣ ಎಚ್ಚರಿಕೆ ಮಾತ್ರ ಬೇಕು. ದುಂಡು ತುದಿ ಚೌಕ ತುದಿಗಿಂತ ಗಿಡ್ಡವಾಗಿ ಕಾಣುವುದರಿಂದ, ಒಳ್ಳೆಯ ರಚನಕಾರರು ಅಂತಹ ಗೆರೆಯನ್ನು ಕೂದಲೆಳೆಯಷ್ಟು ಉದ್ದ ಬಿಡುತ್ತಾರೆ.

ದಪ್ಪದ ವಿಷಯ ಹೀಗಲ್ಲ. ಇದನ್ನು ತಿಳಿಯಲು ಕಣ್ಣಿನ ವೈದ್ಯರ ಕೊಠಡಿಗೆ ಹೋಗಬೇಕು. ಅಲ್ಲಿನ ಗೋಡೆಯ ಮೇಲಿರುವ ಅಕ್ಷರಪಟ್ಟಿಯನ್ನು ಹಾಲೆಂಡಿನ ಹರ್ಮನ್ ಸ್ನೆಲೆನ್ 1862ರಲ್ಲಿ ಪ್ರಕಟಿಸಿದನು. ಆರೋಗ್ಯವಾದ ಕಣ್ಣು ಒಳ್ಳೆಯ ಬೆಳಕಿನಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು, ಎಂದರೆ ಒಂದು ಮಿನಿಟು ಕೋನದಷ್ಟು ದೂರವಿರುವ ಎರಡು ಗೆರೆಗಳನ್ನು ಎರಡೆಂದು ಗುರುತಿಸಬಲ್ಲುದು ಎಂಬುದು ಅವನ ಆಧಾರ. ಆದುದರಿಂದ ಅವನು ಅಕ್ಷರದ ಎತ್ತರವನ್ನು ಐದು ಪಾಲುಮಾಡಿ, ಗೆರೆಗೆ ಒಂದು ಪಾಲು, ಗೆರೆಗಳ ನಡುವಿನ ಬಿಳಿಗೆ ಒಂದು ಪಾಲು ಎಂದು ಹಂಚಿದನು. ಕಪ್ಪಿಗೆ ಕೊಟ್ಟಷ್ಟೇ ಬೆಲೆಯನ್ನು ಬಿಳಿಗೂ ಕೊಟ್ಟನು. 6 ಮೀಟರು ದೂರದಿಂದ ಓದಬೇಕಾದ ಸಾಲಿನ ಅಕ್ಷರದ ಎತ್ತರ 8.7 ಮಿಲಿಮೀಟರು, ಗೆರೆ 1.7 ಮಿಲಿಮೀಟರು, ಬಿಳಿಯೂ ಅಷ್ಟೇ.

ಆಮೇಲೆ 1888ರಲ್ಲಿ ಎಡ್ಮಂಡ್ ಲ್ಯಾಂಡೋಲ್ಟ್ ಎಂಬ ನೇತ್ರವೈದ್ಯನು ಇದನ್ನು ಇನ್ನೂ ಸರಳಗೊಳಿಸಿದನು. ಅವನ ಪಟ್ಟಿಯಲ್ಲಿರುವುದು ಒಂದು ಕಡೆ ಬಾಯಿ ತೆರೆದ ಬಳೆ ಮಾತ್ರ. ಬಾಯಿ ಯಾವ ಕಡೆಗಿದೆ ಎಂದು ಹೇಳಬೇಕು. ಬಳೆಯ ವ್ಯಾಸದ ಐದನೆಯ ಒಂದು ಪಾಲು ಬಾಯಿಯ ಅಗಲ. ಇಲ್ಲಿ ಓದು ಎಂಬುದು ಕಪ್ಪನ್ನು ನೋಡುವುದಲ್ಲ, ಕಪ್ಪಿನ ನಡುವೆ ಇರುವ ಬಿಳಿಯನ್ನು ಪತ್ತೆಹಚ್ಚುವುದು ಎಂಬ ತತ್ತ್ವ ಬೆತ್ತಲೆಯಾಗಿ ಕಾಣುತ್ತದೆ.

ಈಗ ನಮ್ಮ ಚೀಟಿಗೆ ಬರೋಣ. 8 ಎಂಬ ಅಂಕಿಯನ್ನು ಮೇಲಿನಿಂದ ಕೆಳಕ್ಕೆ ದಾಟಿದರೆ ಮೂರು ಗೆರೆಗಳೂ ಎರಡು ಬಿಳಿಗಳೂ ಸಿಗುತ್ತವೆ. ಸ್ನೆಲೆನ್ನನ ಹಂಚಿಕೆಯಲ್ಲಿ ಒಂದೊಂದು ಬಿಳಿಗೂ ಎತ್ತರದ ಶೇಕಡ 20. ದಪ್ಪ ಅಕ್ಷರದಲ್ಲಿ ಗೆರೆಗೆ ಶೇಕಡ 26 ಕೊಟ್ಟೆವೆನ್ನಿ. ಮೂರು ಗೆರೆಗಳಿಗೆ 78 ಹೋಯಿತು. ಉಳಿದ 22ರಲ್ಲಿ ಒಂದು ಬಿಳಿಗೆ 11. ಗೆರೆಯನ್ನು ಸ್ವಲ್ಪವೇ ದಪ್ಪಮಾಡಿದುದರಿಂದ ಬಿಳಿ ಅರ್ಧಕ್ಕೆ ಇಳಿಯಿತು. 5 ಸೆಂಟಿಮೀಟರು ಎತ್ತರದ ಅಕ್ಷರವಾದರೆ, ಶೇಕಡ 20ರ ಬಿಳಿ 34 ಮೀಟರು ದೂರದವರೆಗೆ ಒಂದು ಮಿನಿಟು ಕೋನವನ್ನು ಉಳಿಸಿಕೊಳ್ಳುತ್ತದೆ. ಶೇಕಡ 11ರ ಬಿಳಿ 19 ಮೀಟರಿಗೇ ಸೋಲುತ್ತದೆ. ದೂರದಿಂದ ಓದಲೆಂದು ಗೆರೆಯನ್ನು ದಪ್ಪಮಾಡಿದವನು ಓದುವ ದೂರವನ್ನು ಹೀಗೆ ಅರ್ಧಮಾಡಿಕೊಳ್ಳುತ್ತಾನೆ. ಫಲಕ ಇದೆಯೆಂಬುದು ದೂರದಿಂದಲೇ ಗೊತ್ತಾಗುತ್ತದೆ ನಿಜ. ಅದರ ಮೇಲೆ ಏನಿದೆ ಎಂಬುದು ಗೊತ್ತಾಗುವುದಿಲ್ಲ.

ನಮ್ಮ 4 ಮಿಲಿಮೀಟರು ಅಂಕಿಯಲ್ಲಿ ಬಿಳಿಯ ಪಾಲು 0.44 ಮಿಲಿಮೀಟರು. ಅಗ್ಗದ ಕಾಗದದಲ್ಲಿ ಮಸಿ ಹರಡುತ್ತದೆ. ಒಂದೊಂದು ಅಂಚಿನಲ್ಲಿ 0.1 ಮಿಲಿಮೀಟರು ಹರಡಿತೆಂದು ಇಟ್ಟುಕೊಂಡರೂ ಉಳಿಯುವುದು 0.24. ಇದು 80 ಸೆಂಟಿಮೀಟರು ದೂರದಲ್ಲಿ, ಎಂದರೆ ಮೇಜಿನ ಆಚೆ ಬದಿಯಲ್ಲಿದ್ದ ಸುರುಳಿಯಷ್ಟು ದೂರದಲ್ಲಿ, ಸರಿಯಾಗಿ ಒಂದು ಮಿನಿಟು ಕೋನ. ಒಳ್ಳೆಯ ಬೆಳಕಿನಲ್ಲಿಯೇ ಅದು ಕಣ್ಣಿನ ಕೊನೆಯ ಎಲ್ಲೆ. ಮಂದ ಬೆಳಕಿನಲ್ಲಿ ಕಣ್ಣಿನ ತೀಕ್ಷ್ಣತೆ ಬಹಳವಾಗಿ ಕುಗ್ಗುವುದರಿಂದ ಕತ್ತಲೆ ಕೋಣೆಯಲ್ಲಿ ಆ ಬಿಳಿ ಕಾಣುವ ಮಾತೇ ಇಲ್ಲ. 6ರ ಮೇಲಿನ ಕೊಕ್ಕೆಗೂ ಕೆಳಗಿನ ಹೊಟ್ಟೆಗೂ ನಡುವೆ ಇರುವ ಬಾಯಿ ಲ್ಯಾಂಡೋಲ್ಟನ ಬಳೆಯ ಬಾಯಿಯಂತಹುದೇ. ಅದು ಮುಚ್ಚಿತು, 6 ಹೋಗಿ 8 ಆಯಿತು. ದುಂಡು ತುದಿ ನಿರಪರಾಧಿ. ತಪ್ಪು ದಪ್ಪದ್ದು ಮತ್ತು ಆ ದಪ್ಪವನ್ನು ಅಷ್ಟು ಚಿಕ್ಕದಾಗಿ ಮುದ್ರಿಸಿದ ನಮ್ಮದು.

ದುಂಡು ತುದಿಯನ್ನು ಇಷ್ಟು ಸಮರ್ಥಿಸಿದ ಮೇಲೆ ಅದು ಬಂದ ದಾರಿಯನ್ನೂ ಹೇಳಬೇಕು. ಅದು ಬರಿಯ ಅಲಂಕಾರವಾಗಿ ಹುಟ್ಟಿದುದಲ್ಲ. ತಿರುಗುವ ಉಳಿಯಿಂದ ಲೋಹದ ತಗಡಿನಲ್ಲಿ ಅಕ್ಷರ ಕೊರೆಯುವ ಯಂತ್ರವನ್ನು ಊಹಿಸಿಕೊಳ್ಳಿ. ಉಳಿ ದುಂಡಗೆ ತಿರುಗುವುದರಿಂದ ಅದು ಕೊರೆದ ಕಾಲುವೆಯ ಕೊನೆ ತಾನಾಗಿಯೇ ಅರ್ಧವೃತ್ತ. ಚೌಕವಾಗಬೇಕೆಂದರೆ ಬೇರೆ ಕೆಲಸವೇ ಆಗಬೇಕು. ಇಂಜಿನಿಯರುಗಳು ನಕ್ಷೆಗಳ ಮೇಲೆ ಅಕ್ಷರ ಬರೆಯಲು ಬಳಸುತ್ತಿದ್ದ ಕೊಳವೆಮೂತಿಯ ಲೇಖನಿಯದೂ ಇದೇ ಕಥೆ. ಜಾರ್ಜ್ ಕ್ಲೋಡ್ 1910ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ನಿಯಾನ್ ದೀಪವನ್ನು ಅಕ್ಷರವಾಗಿ ಬಾಗಿಸಿದರೆ ಗಾಜಿನ ಕೊಳವೆ ಮೂಲೆಯಾಗಿ ಮುರಿಯದು, ಬಳುಕುತ್ತದೆ. ಬಣ್ಣದ ಹನಿಯಾಗಲಿ ಮಸಿಯಾಗಲಿ ಮೇಲ್ಮೈಸೆಳೆತದಿಂದ ತನ್ನ ಅಂಚನ್ನು ಕಡಿಮೆ ಮಾಡಿಕೊಳ್ಳಲು ಹವಣಿಸುವುದರಿಂದ ಚೂಪು ಮೂಲೆಯನ್ನು ಮೊದಲು ಮೊಂಡುಮಾಡುತ್ತದೆ. ಅಂಟಿಸಿದ ಪ್ಲಾಸ್ಟಿಕ್ ಅಕ್ಷರ ಏಳುವುದು ಮೂಲೆಯಿಂದ. ಅಕ್ರಿಲಿಕ್ ಹಾಳೆ ಸೀಳುವುದು ಒಳಮೂಲೆಯಿಂದ, ಏಕೆಂದರೆ ಒತ್ತಡ ಅಲ್ಲಿಯೇ ಬಂದು ಸೇರುತ್ತದೆ. ಹೀಗೆ ಉಳಿ, ಗಾಜು, ಬಣ್ಣ, ಅಂಟು ಎಲ್ಲವೂ ಒಮ್ಮತದಿಂದ ದುಂಡನ್ನೇ ಬಯಸುತ್ತವೆ.

ಈ ಜಾತಿಯ ಅಕ್ಷರಗಳಲ್ಲಿ ಹೆಚ್ಚು ಹೆಸರಾದುದು ವಿ.ಎ.ಜಿ. ರೌಂಡೆಡ್. ಜರ್ಮನಿಯ ಫೋಕ್ಸ್‌ವಾಗನ್ ಸಂಸ್ಥೆ ತನ್ನ ಕಾರುಗಳನ್ನೂ ಔಡಿ ಕಾರುಗಳನ್ನೂ ಮಾರುವ ಅಂಗಡಿಗಳನ್ನು ವಿ.ಎ.ಜಿ. ಎಂಬ ಒಂದೇ ಹೆಸರಿನಡಿ ತಂದಾಗ, ಅವಕ್ಕೆಲ್ಲ ಸಮಾನವಾದ ಒಂದು ಅಕ್ಷರ ಬೇಕಾಯಿತು. ಲಂಡನ್ನಿನ ಸೆಡ್ಲಿ ಪ್ಲೇಸ್ ಎಂಬ ರಚನಾಮಂದಿರದವರು ಇದನ್ನು 1979ರಲ್ಲಿ ರೂಪಿಸಿಕೊಟ್ಟರು. ಅದಕ್ಕೆ ಮುಂಚೆ ಫೋಕ್ಸ್‌ವಾಗನ್ ಜಾಹೀರಾತುಗಳಲ್ಲಿ ಕಾಣುತ್ತಿದ್ದುದು ಫ್ಯೂಚುರಾ, ಎಂದರೆ 1927ರಲ್ಲಿ ಪಾಲ್ ರೆನ್ನರ್ ಪ್ರಕಟಿಸಿದ, ಕೈವಾರ ಅಡಿಪಟ್ಟಿಗಳಿಂದ ಎಳೆದಂತಿರುವ ಅಕ್ಷರ. ಅದರ ಕೆಲವು ಮೂಲೆಗಳು ಸೂಜಿಯಂತೆ ಚೂಪು. ಅದರ ಪಕ್ಕದಲ್ಲಿ ಹೊಸ ಅಕ್ಷರ ಮೆತ್ತಗೆ ಕಾಣುತ್ತಿತ್ತು. ಅಂಗಡಿಯ ತಲೆಯ ಮೇಲೆ ನಾಲ್ಕೈದು ಅಕ್ಷರ, ದೊಡ್ಡ ಗಾತ್ರ, ಎದುರು ಬೀದಿಯಿಂದ ನೋಡುವ ಜನ: ದಪ್ಪ ದುಂಡಕ್ಷರಕ್ಕೆ ಇದಕ್ಕಿಂತ ತಕ್ಕ ನೆಲೆ ಇಲ್ಲ. ಮುಂದೆ ಇದೇ ಕುಟುಂಬದ ತೆಳು ರೂಪವನ್ನು ಆಪಲ್ ಸಂಸ್ಥೆಯವರು ತಮ್ಮ ಕಂಪ್ಯೂಟರುಗಳ ಕೀಲಿಮಣೆಗಳ ಮೇಲೆ ಬಹಳ ವರ್ಷ ಮುದ್ರಿಸಿದರು. ಗಮನಿಸಿ: ಕೀಲಿಯ ಮೇಲಿನ ಅಕ್ಷರ ಚಿಕ್ಕದಾದುದರಿಂದ ದುಂಡನ್ನು ಉಳಿಸಿಕೊಂಡರು, ದಪ್ಪವನ್ನು ಬಿಟ್ಟರು.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ಉಂಟು. ಅಮೆರಿಕದ ಟೆಲಿಫೋನ್ ಪಟ್ಟಿಗಳಿಗಾಗಿ ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಬೆಲ್ ಸೆಂಟೆನಿಯಲ್ ಎಂಬ ಅಕ್ಷರವನ್ನು ರಚಿಸಿದರು. ಅತಿ ಚಿಕ್ಕ ಗಾತ್ರ, ಅಗ್ಗದ ಕಾಗದ, ವೇಗದ ಮುದ್ರಣ. ಅವರು ಗೆರೆಗಳು ಕೂಡುವ ಮೂಲೆಗಳನ್ನು ತುಂಬಲಿಲ್ಲ. ಒಳಕ್ಕೆ ಕಚ್ಚುಮಾಡಿ ಕೆತ್ತಿದರು. ಮಸಿ ಹರಡಿ ಆ ಕಚ್ಚು ತುಂಬಿದಾಗ ಅಕ್ಷರ ಸರಿಯಾದ ರೂಪಕ್ಕೆ ಬರುತ್ತದೆ. ಬಿಳಿಯನ್ನು ಮೊದಲೇ ಕೂಡಿಟ್ಟು ಮಸಿಯ ಬಾಯಿಗೆ ಹಾಕುವ ಈ ಉಪಾಯವನ್ನು ನಾವು ಆ ಪರೀಕ್ಷೆಯ ಮುಂಚೆ ಓದಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನು ಅಕ್ಷರದ ಮುಖಭಾವ. ದುಂಡಕ್ಷರ ಸ್ನೇಹಪರವಾಗಿ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದು ಬರಿಯ ಕಲ್ಪನೆಯಲ್ಲ. ವುಲ್ಫ್‌ಗಾಂಗ್ ಕೋಲರ್ ಎಂಬ ಮನೋವಿಜ್ಞಾನಿ 1929ರಲ್ಲಿಯೇ ಒಂದು ದುಂಡು ಚಿತ್ರವನ್ನೂ ಒಂದು ಮೊನಚು ಚಿತ್ರವನ್ನೂ ಮುಂದಿಟ್ಟು, ‘ಬಲೂಬ’, ‘ತಕೇತೆ’ ಎಂಬ ಅರ್ಥವಿಲ್ಲದ ಹೆಸರುಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ಕೇಳಿದ್ದನು. 2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ‘ಬೂಬಾ’, ‘ಕಿಕಿ’ ಎಂಬ ಹೆಸರುಗಳಿಂದ ಇದನ್ನೇ ಮತ್ತೆ ಚರ್ಚಿಸಿದರು. ಬಹುಪಾಲು ಜನ ಮೆತ್ತನೆಯ ಧ್ವನಿಯನ್ನು ದುಂಡಿಗೂ ಕಡಿದಾದ ಧ್ವನಿಯನ್ನು ಮೊನಚಿಗೂ ಹೊಂದಿಸುತ್ತಾರೆ. ಆಕಾರಕ್ಕೆ ಒಂದು ಸ್ವರವಿದೆ ಎಂದಾಯಿತು. ಆದುದರಿಂದ ಆಟಿಕೆಯ ಪೆಟ್ಟಿಗೆ, ಐಸ್‌ಕ್ರೀಮಿನ ಬಟ್ಟಲು, ಮಕ್ಕಳ ಪುಸ್ತಕದ ಹೊದಿಕೆ, ಶಾಲಾ ವಾರ್ಷಿಕೋತ್ಸವದ ಭಿತ್ತಿಪತ್ರ ಇವಕ್ಕೆಲ್ಲ ದಪ್ಪ ದುಂಡಕ್ಷರ ಚೆನ್ನು. ವೈಕುಂಠ ಸಮಾರಾಧನೆಯ ಆಹ್ವಾನಪತ್ರವೊಂದು ಈ ಅಕ್ಷರದಲ್ಲಿ ನಮ್ಮ ಮನೆಗೆ ಬಂದಿತ್ತು. ಓದಿ ದುಃಖಪಡಬೇಕೋ ನಗಬೇಕೋ ತಿಳಿಯಲಿಲ್ಲ. ವಿದ್ಯುತ್ ಕಂಬದ ಮೇಲಿನ ‘ಅಪಾಯ’ ಎಂಬ ಮಾತನ್ನೂ ಇದಕ್ಕೆ ಒಪ್ಪಿಸಬಾರದು. ಬೆದರಿಸಬೇಕಾದ ಮಾತು ಮುದ್ದಾಗಿ ಕಾಣುವುದರಲ್ಲಿ ಅರ್ಥವಿಲ್ಲ.

ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ಬರೆಸುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಬೆಳಗುವ ವಸ್ತು ತನ್ನ ನಿಜ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದರ ಬೆಳಕು ಅಕ್ಷಿಪಟದ ಮೇಲೆ ಅಂಚನ್ನು ದಾಟಿ ಚೆಲ್ಲುತ್ತದೆ. ರಾತ್ರಿ ಒಳಗಿನಿಂದ ದೀಪ ಹಾಕಿದ ಫಲಕದಲ್ಲಿ ದಪ್ಪ ಅಕ್ಷರ ಮತ್ತಷ್ಟು ಊದಿಕೊಳ್ಳುತ್ತದೆ, ಒಳಗಿನ ಕತ್ತಲೆಯ ಸಂದು ಮುಚ್ಚುತ್ತದೆ. ಅಂತಹ ಕಡೆ ಒಂದು ದರ್ಜೆ ತೆಳುವಾದ ಗೆರೆಯನ್ನೇ ಆರಿಸಿ ಅಕ್ಷರಗಳ ನಡುವೆ ಅಂತರವನ್ನು ಹೆಚ್ಚಿಸಬೇಕು. ಪಠ್ಯಪುಸ್ತಕದ ಪುಟಗಳಿಗೂ ರೈಲಿನ ವೇಳಾಪಟ್ಟಿಗೂ ಔಷಧಿಯ ಶೀಸೆಯ ಮೇಲಿನ ಸೂಚನೆಗೂ ದಪ್ಪ ದುಂಡಕ್ಷರ ತಕ್ಕುದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಶೀಸೆಯ ಮೇಲೆ 6 ಹನಿ 8 ಹನಿಯಾಗುವುದು ಅಂಕ ಕಳೆಯುವುದಕ್ಕಿಂತ ದೊಡ್ಡ ವಿಷಯ.

ಕನ್ನಡಕ್ಕೆ ಬಂದರೆ, ದುಂಡು ನಮಗೆ ಹೊಸದಲ್ಲ. ಚೆನ್ನಾದ ಕೈಬರಹವನ್ನು ಮುತ್ತು ಪೋಣಿಸಿದಂತಿದೆ ಎಂದು ಹೊಗಳುವ ಜನ ನಾವು. ತಾಳೆಯೋಲೆಯ ಮೇಲೆ ಕಂಟದಿಂದ ನೇರ ಗೆರೆಯನ್ನು ಎಳೆದರೆ ಓಲೆ ಎಳೆಯ ಉದ್ದಕ್ಕೆ ಸೀಳುವುದರಿಂದ ನಮ್ಮ ಲಿಪಿ ದುಂಡಾಯಿತೆಂದು ಅನೇಕರು ಹೇಳುತ್ತಾರೆ. ಆದರೆ ಲಿಪಿಯ ಬಳುಕು ಬೇರೆ, ಗೆರೆಯ ತುದಿಯ ದುಂಡು ಬೇರೆ ಎಂಬುದನ್ನು ಮರೆಯಬಾರದು. ಎರಡೂ ಕೂಡಿದ, ದಪ್ಪವೂ ಆದ ಒಂದು ಕನ್ನಡ ಅಕ್ಷರರೂಪ ಈಗ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಏಕ್ ಟೈಪ್ ಎಂಬ ತಂಡದವರು 2010ರ ದಶಕದಲ್ಲಿ ಭಾರತದ ಹಲವು ಲಿಪಿಗಳಿಗೆ ‘ಬಾಲೂ’ ಎಂಬ ಅಕ್ಷರಕುಟುಂಬವನ್ನು ರಚಿಸಿದರು. ತಮಿಳಿನದು ಬಾಲೂ ತಂಬಿ, ತೆಲುಗಿನದು ಬಾಲೂ ತಮ್ಮುಡು, ಮಲಯಾಳದ್ದು ಬಾಲೂ ಚೇಟ್ಟನ್; ಕನ್ನಡದ್ದು ಬಾಲೂ ತಮ್ಮ. ಅಣ್ಣತಮ್ಮಂದಿರ ಹೆಸರಿನ ಈ ಅಕ್ಷರಗಳು ಕರಡಿಮರಿಗಳಂತೆ ದುಂಡುದುಂಡಗೆ ಇವೆ.

ನಮ್ಮ ಲಿಪಿಯಲ್ಲಿ ಬಿಳಿಯ ಬೆಲೆ ಇಂಗ್ಲಿಷಿಗಿಂತಲೂ ಹೆಚ್ಚು. ‘ದ’ಕ್ಕೂ ‘ಧ’ಕ್ಕೂ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು, ‘ಪ’ಕ್ಕೂ ‘ಷ’ಕ್ಕೂ ಇರುವ ಭೇದ ಒಡಲೊಳಗಿನ ಒಂದು ಗೆರೆ, ‘ರ’ಕ್ಕೂ ‘ಠ’ಕ್ಕೂ ಇರುವ ಭೇದ ಒಂದು ಚುಕ್ಕೆ. ದಪ್ಪಮಾಡುತ್ತ ಹೋದರೆ ಸೀಳು ಮುಚ್ಚಿ ‘ಧನ’ವೆಲ್ಲ ‘ದನ’ವಾಗುತ್ತದೆ. ಒತ್ತಕ್ಷರದ ಕಷ್ಟ ಇನ್ನೊಂದು ಬಗೆಯದು. ‘ರಾಷ್ಟ್ರ’ ಎಂದು ಬರೆಯುವಾಗ ತಲೆಕಟ್ಟು, ಒಡಲು, ಅದರ ಕೆಳಗೆ ಒತ್ತು, ಒತ್ತಿಗೆ ಮತ್ತೊಂದು ಒತ್ತು ಎಂದು ಒಂದೇ ಎತ್ತರವನ್ನು ಎಷ್ಟೋ ಮಂದಿ ಹಂಚಿಕೊಳ್ಳಬೇಕು. ಐದು ಪಾಲಿನ ಸ್ನೆಲೆನ್ ಇಲ್ಲಿ ಸಾಲುವುದಿಲ್ಲ. ಒಂಬತ್ತೋ ಹತ್ತೋ ಪಾಲು ಬೇಕು. ಆದುದರಿಂದ ಇಂಗ್ಲಿಷಿನಲ್ಲಿ ಓದಲು ಬರುವ ದಪ್ಪ ಕನ್ನಡದಲ್ಲಿ ಬಾರದೆ ಹೋಗಬಹುದು. ಬಾಲೂ ಮೊದಲು ಬಂದಾಗ ಒಂದೇ ದಪ್ಪದ ತೂಕದಲ್ಲಿತ್ತು. ಅನಂತರದ ‘ಬಾಲೂ 2’ ಆವೃತ್ತಿಯಲ್ಲಿ ಸಾಮಾನ್ಯದಿಂದ ಅತಿದಪ್ಪದವರೆಗೆ ಐದು ತೂಕಗಳಿವೆ. ಅಂಗಡಿಯ ಹೆಸರಿಗೆ ಅತಿದಪ್ಪ, ಅದರ ಕೆಳಗಿನ ವಿಳಾಸಕ್ಕೆ ಸಾಮಾನ್ಯ ಎಂದು ಆರಿಸಿಕೊಳ್ಳುವ ಅವಕಾಶ ಇದರಿಂದ ಒದಗಿದೆ.

ವಾಚಕರು ತಾವೇ ಪರೀಕ್ಷೆಮಾಡಿ ನೋಡಬಹುದು. ‘ಧನ’, ‘ದನ’ ಎಂಬ ಎರಡು ಪದಗಳನ್ನು ಒಂದೇ ಎತ್ತರದಲ್ಲಿ, ತೆಳು ಗೆರೆಯಲ್ಲಿ ಒಮ್ಮೆ, ದಪ್ಪ ಗೆರೆಯಲ್ಲಿ ಒಮ್ಮೆ, ಬೇರೆ ಬೇರೆ ಕಾಗದಗಳಲ್ಲಿ ಬರೆದು ಗೆಳೆಯನೊಬ್ಬನ ಕೈಗೆ ಕೊಡಿ. ಅವನು ತನ್ನ ಇಷ್ಟದಂತೆ ಒಂದೊಂದನ್ನೇ ಗೋಡೆಗೆ ಅಂಟಿಸಲಿ. ನೀವು ದೂರದಿಂದ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತ, ಯಾವ ಹೆಜ್ಜೆಯಲ್ಲಿ ಪದ ಸ್ಪಷ್ಟವಾಯಿತೆಂದು ಗುರುತು ಹಾಕಿಕೊಳ್ಳಿ. ಸಂಜೆ ಬೆಳಕು ಇಳಿಯುವಾಗ ಅದನ್ನೇ ಮತ್ತೆ ಮಾಡಿ.

ನಮ್ಮ ಸುರುಳಿಗಳಿಗೆ ಈಗ ಬೇರೆ ಚೀಟಿಗಳಿವೆ: ಸಾಧಾರಣ ಗೆರೆ, 12 ಮಿಲಿಮೀಟರು ಎತ್ತರ, ಅಂಕಿಯ ಕೆಳಗೆ ಅದೇ ಸಂಖ್ಯೆ ಅಕ್ಷರಗಳಲ್ಲಿ ‘ಆರು’, ‘ಎಂಟು’ ಎಂದು. ಹಳೆಯ ದಪ್ಪ ದುಂಡಕ್ಷರವನ್ನು ನಾವು ಪೂರ್ತಿಯಾಗಿ ಕೈಬಿಡಲಿಲ್ಲ. ಪ್ರಯೋಗಶಾಲೆಯ ಬಾಗಿಲ ಮೇಲಿನ ಫಲಕದಲ್ಲಿ ಅದು ಒಂದು ಗೇಣು ಎತ್ತರಕ್ಕೆ ನಿಂತಿದೆ. ಓಣಿಯ ಆ ತುದಿಯಿಂದ ಬರುವ ಹೊಸ ವಿದ್ಯಾರ್ಥಿಗಳು ಅದನ್ನು ಓದಿಕೊಂಡೇ ಒಳಗೆ ಬರುತ್ತಾರೆ.